ಬಾಗಿಲಿಗಿಟ್ಟ ಕಲ್ಲು

ಜನವರಿ ೯

ಮೊಂಡನಿಗೆ,

ಅಕ್ಕ ಮರೆತೇಬಿಟ್ಟಳು ಎಂದು ಅಮ್ಮನ ಹತ್ತಿರ ದೂರು ಹೇಳಿದ್ದೀಯಂತೆ. ಮರೆತಿಲ್ಲ ಮಾರಾಯ. ಇಲ್ಲಿ ಪತ್ರ ಬರುವುದೂ ಹೋಗುವುದೂ ಕಂಪನಿಯ ಟಪಾಲು ಪೆಟ್ಟಿಗೆಯಿಂದಲೇ. ಕಾರ್ಖಾನೆಯ ಗುಟ್ಟು ಹೊರಗೆ ಹೋಗಬಾರದೆಂದು ಬಂದ ದಿನವೇ ಫೋನು ತೆಗೆದಿಟ್ಟುಕೊಂಡದ್ದು ನಿನಗೆ ಗೊತ್ತು. ಈಗ ಪತ್ರ ಒಡೆದು ಓದುವುದಕ್ಕೆಂದೇ ನಮ್ಮ ಭಾಷೆ ಬಲ್ಲ ಒಬ್ಬರನ್ನು ಇಟ್ಟಿದ್ದಾರಂತೆ. ಆದ್ದರಿಂದ ಮೊದಲು ಆ ಮಹಾಶಯರಿಗೆ ನಮಸ್ಕಾರ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಸ್ವಾಮಿ, ತಾಳ್ಮೆಯಿಂದ ಓದಿ.

ಮೊನ್ನೆಗೆ ನಾನು ಈ ದೇಶಕ್ಕೆ ಬಂದು ಮೂರು ವರ್ಷವಾಯಿತು. ಎರಡು ವರ್ಷದ ತರಬೇತಿ, ಆಮೇಲೆ ಊರಿನಲ್ಲೇ ಅದಿರು ಶುದ್ಧ ಮಾಡುವ ಕಾರ್ಖಾನೆ ಕಟ್ಟುತ್ತೇವೆ, ಅದರ ಲ್ಯಾಬನ್ನು ನೀವೇ ನಡೆಸಬೇಕು ಎಂದಿದ್ದರು. ಮೂರನೆಯ ವರ್ಷ ಹೇಗೆ ಬಂತೋ ಕೇಳುವವರಿಲ್ಲ. ಕೇಳಿದರೆ ಎಲ್ಲರೂ ನಗುಮುಖದಿಂದ ತಲೆಯಾಡಿಸುತ್ತಾರೆ. ಇಲ್ಲಿ ತಲೆಯಾಡಿಸುವುದಕ್ಕೆ ಹೌದು ಎಂದೂ ಅರ್ಥವಲ್ಲ, ಇಲ್ಲ ಎಂದೂ ಅಲ್ಲ.

ಕೋಣೆ ಅದೇ. ಮೂರನೇ ಮಹಡಿ, ಹದಿನಾಲ್ಕನೇ ನಂಬರು, ತೆರೆಯಲಾಗದ ಒಂದು ಕಿಟಕಿ. ಕಿಟಕಿಯ ಅಂಚಿನಲ್ಲಿ ಅಪ್ಪ ಕೊಟ್ಟ ಅರ್ಧ ಕಲ್ಲು. ರಜೆಯ ದಿನ ಬೆಳಗಿನಿಂದ ಸಂಜೆಯವರೆಗೆ ಬಾಯಿಂದ ಒಂದು ಮಾತೂ ಬಂದಿರುವುದಿಲ್ಲ. ಆಗ ಆ ಕಲ್ಲಿಗೆ "ಏನಯ್ಯಾ" ಅನ್ನುತ್ತೇನೆ. ಗಂಟಲು ಕೆಟ್ಟುಹೋಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು, ಅಷ್ಟೇ. ಹುಚ್ಚು ಹಿಡಿದಿದೆ ಎಂದು ಅಮ್ಮನಿಗೆ ಹೇಳಬೇಡ.

ನಿನ್ನ ಅರ್ಧ ಎಲ್ಲಿದೆ? ಕಾರ್ಖಾನೆಯ ಪಾಯ ಎಲ್ಲಿಗೆ ಬಂತು? ಅದೊಂದನ್ನು ತಪ್ಪದೆ ಬರೆ. ಅದು ಏಳುವ ದಿನಕ್ಕೆ ನಾನು ಊರಿಗೆ ಬರುವ ದಿನವನ್ನು ಗಂಟು ಹಾಕಿಕೊಂಡು ಕೂತಿದ್ದೇನೆ.

ಹದಿನಾಲ್ಕನೇ ನಂಬರಿನಿಂದ,
ಅಕ್ಕ

ಫೆಬ್ರವರಿ ೨

ಅಕ್ಕಾ,

ನನ್ನ ಅರ್ಧ ನಿನ್ನ ಕೋಣೆಯ ಬಾಗಿಲಿಗೆ ಒತ್ತಿಟ್ಟಿದೆ. ಈ ಕ್ವಾರ್ಟರ್ಸಿನಲ್ಲಿ ಗಾಳಿಗೆ ಬಾಗಿಲು ಬಡಿದುಕೊಳ್ಳುವುದು ನಿನಗೆ ಗೊತ್ತಲ್ಲ. "ಅವಳ ಕೋಣೆ ಮುಚ್ಚಿದ್ರೆ ನಂಗೆ ಉಸಿರು ಕಟ್ಟುತ್ತೆ, ಏನಾದ್ರೂ ಒತ್ತಿಡೋ" ಅಂದಳು ಅಮ್ಮ. ಕೈಗೆ ಸಿಕ್ಕಿದ್ದು ಅದು. ಈಗ ಬಾಗಿಲಿನ ಹಸಿರು ಬಣ್ಣ ಉಜ್ಜಿ ಉಜ್ಜಿ ಕಲ್ಲಿನ ಒಂದು ಮೂಲೆ ಹಸಿರಾಗಿದೆ.

ಇನ್ನು ಕಾರ್ಖಾನೆ. ಪಾಯ ಎಲ್ಲಿಗೂ ಬಂದಿಲ್ಲ. ಇನ್ನು ಬರುವುದೂ ಇಲ್ಲ. ಕೂತುಕೊಂಡು ಓದು.

ಹೋದ ವಾರ ಗಣಿ ಆಫೀಸಿಗೆ ಕರೆಸಿದರು. ಆಫೀಸು ನೋಡಿದರೆ ನಿನಗೆ ಗುರುತೇ ಸಿಗದು. ಬೋರ್ಡಿನಲ್ಲಿ ಮೇಲೆ ದೊಡ್ಡದಾಗಿ ನಿಮ್ಮ ಕಂಪನಿಯವರ ಭಾಷೆ, ಕೆಳಗೆ ಇರುವೆ ಸಾಲಿನ ಹಾಗೆ ನಮ್ಮದು. ಗೋಡೆಯಲ್ಲಿ ಎರಡು ಗಡಿಯಾರ, ಮೀಟಿಂಗು ನಡೆಯುವುದು ಅವರ ಗಡಿಯಾರದ ಪ್ರಕಾರ. ನಮ್ಮ ಇಲಾಖೆಯ ಮೇಲಧಿಕಾರಿ ಅವರ ಕಾರಿನಲ್ಲೇ ಬರುತ್ತಾರೆ, ಅವರ ಕಾರಿನಲ್ಲೇ ಹೋಗುತ್ತಾರೆ. ನಮ್ಮ ಲ್ಯಾಬಿಗೆ ಬೀಗ ಬಿದ್ದು ಮೂರು ವರ್ಷ, ಪರೀಕ್ಷೆಗೆ ಹೋಗುವುದೆಲ್ಲ ನಿಮ್ಮಲ್ಲಿಗೇ. ಆ ಪರೀಕ್ಷೆಯ ವರದಿ ಬಂದಿದೆಯಂತೆ. ನಮ್ಮ ಅದಿರು ಬಡಕಲು, ನೂರು ಕೆ.ಜಿ. ಕಲ್ಲಿಗೆ ಒಂದು ಕೆ.ಜಿ. ವಿರಳ ಲೋಹವೂ ಇಲ್ಲವಂತೆ. ಇಷ್ಟಕ್ಕೆ ಇಲ್ಲಿ ಕಾರ್ಖಾನೆ ಕಟ್ಟಿದರೆ ಗಿಟ್ಟುವುದಿಲ್ಲ, ಹಸಿ ಅದಿರನ್ನೇ ಹಡಗಿಗೆ ಹಾಕುತ್ತೇವೆ ಅನ್ನುತ್ತಾರೆ. ನವೆಂಬರಿನಲ್ಲಿ ಅದಕ್ಕೆ ನಲವತ್ತು ವರ್ಷದ ಒಪ್ಪಂದ. ಇಲಾಖೆಯವರು ರುಜು ಹಾಕಲು ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದಾರೆ.

ಅಷ್ಟಕ್ಕೇ ಮುಗಿಯಲಿಲ್ಲ. ಅವರ ಸಾಹೇಬರು ದುಭಾಷಿಯನ್ನು ಕಟ್ಟಿಕೊಂಡು ಅಪ್ಪನ ನಂತರ ನಾನು ಕಾಯುತ್ತಿರುವ ಶೆಡ್ಡಿಗೆ ಬಂದರು.

"ಈ ಪೆಟ್ಟಿಗೆಗಳಲ್ಲಿ ಏನಿದೆ?" ಅಂದ ದುಭಾಷಿ.

"ನೆಲ ಕೊರೆದಾಗ ಬರೋ ಕಲ್ಲಿನ ಕೋಲು ಸ್ವಾಮಿ. ಉದ್ದಕ್ಕೆ ಸೀಳಿ ಒಂದರ್ಧ ಪರೀಕ್ಷೆಗೆ ಕಳಿಸ್ತೀವಿ, ಇನ್ನೊಂದರ್ಧ ಇಲ್ಲೇ ಇಡ್ತೀವಿ. ನಾಳೆ ಯಾರಾದ್ರೂ ಪರೀಕ್ಷೆ ಸುಳ್ಳು ಅಂದ್ರೆ ಈ ಅರ್ಧ ತೆಗೆದು ಮತ್ತೆ ನೋಡಬಹುದು."

ಅವನು ಅದನ್ನು ಅವರ ಭಾಷೆಯಲ್ಲಿ ಸಾಹೇಬರಿಗೆ ಹೇಳಿದ. ಸಾಹೇಬರು ನಕ್ಕರು. "ಸುಳ್ಳು ಯಾಕೆ ಹೇಳ್ತಾರೆ ಅಂತ ಕೇಳ್ತಿದಾರೆ" ಅಂದ.

ಈಗ ಆ ಅರ್ಧಗಳೂ ಅವರಿಗೆ ಬೇಕಂತೆ. 'ಹೆಚ್ಚಿನ ಅಧ್ಯಯನಕ್ಕೆ.' ಮೇ ಕೊನೆಯೊಳಗೆ ಮುನ್ನೂರ ಎಂಬತ್ತು ಪೆಟ್ಟಿಗೆ ಹಡಗು ಹತ್ತಬೇಕು, ನಾನು ರುಜು ಹಾಕಿ ಕೊಡಬೇಕು. ತಕರಾರು ಬರೆದರೆ ಇಲಾಖೆ ವಿಚಾರಣೆ ಮಾಡಲೇಬೇಕು, ಅಲ್ಲಿಯವರೆಗೆ ಪೆಟ್ಟಿಗೆ ಅಲ್ಲಾಡುವಂತಿಲ್ಲ. ಆದರೆ ಆಧಾರವಿಲ್ಲದೆ ತಕರಾರು ಬರೆದರೆ ನನ್ನ ಕೆಲಸ ಹೋಗುತ್ತದೆ. ಹೋದರೆ ಹೋಗಲಿ ಅಕ್ಕ, ಸುಮ್ಮಸುಮ್ಮನೆ ಹೋಗಬಾರದು.

ಪರೀಕ್ಷೆ ಮಾಡುವವಳು ನೀನು. ನಮ್ಮ ಕಲ್ಲಿನಲ್ಲಿ ಎಷ್ಟಿದೆ?

ಮೊಂಡ

ಫೆಬ್ರವರಿ ೨೭

ತಮ್ಮಾ,

ಪತ್ರ ಸಿಕ್ಕಿತು. ಕೂತೇ ಓದಿದೆ.

ಕೆಲಸದ ವಿಷಯ ಬರೆಯುವಂತಿಲ್ಲ ಎಂದು ನನ್ನ ಒಪ್ಪಂದದಲ್ಲಿದೆ. ನಿನಗೂ ಗೊತ್ತು, ಓದುತ್ತಿರುವ ಮಹಾಶಯರಿಗೂ ಗೊತ್ತು. ಆದ್ದರಿಂದ ಬೇರೆ ಮಾತು.

ಪಕ್ಕದ ಹದಿಮೂರನೇ ನಂಬರಿನಲ್ಲಿ ಒಬ್ಬಳಿದ್ದಾಳೆ. ನಮ್ಮ ಹಾಗೇ ಯಾವುದೋ ಗಣಿಯ ಊರಿನವಳು, ದೇಶ ಬೇರೆ. ಅವಳಿಗೂ ಎರಡು ವರ್ಷ ಎಂದೇ ಹೇಳಿದ್ದರಂತೆ. ಹನ್ನೊಂದು ವರ್ಷವಾಯಿತು. ನಾವಿಬ್ಬರೂ ಮುರುಕು ಮುರುಕಾಗಿ ಇಲ್ಲಿಯ ಭಾಷೆಯಲ್ಲೇ ಮಾತಾಡುತ್ತೇವೆ, ಹೆಚ್ಚಾಗಿ ಬಿಸಿನೀರಿನ ಬಗ್ಗೆ. ಮೊನ್ನೆ ಇದ್ದಕ್ಕಿದ್ದಂತೆ ತನ್ನ ಭಾಷೆಯಲ್ಲಿ ಏನೋ ಅಂದಳು. ನನಗೆ ಅರ್ಥವಾಗಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ. ಆದರೆ ಅದನ್ನು ಹೇಳಿದ ಮೇಲೆ ಅವಳ ಮುಖ ಹಗುರಾಯಿತು.

ಕಾರ್ಖಾನೆಯ ಹಿಂದೆ ರೈಲಿನ ಹಳಿ ಇದೆ. ಯಾವ್ಯಾವ ದೇಶದ ಮಣ್ಣೋ, ಕೆಂಪು, ಬೂದಿ, ಹಳದಿ, ಎಲ್ಲ ಒಂದೇ ಗೇಟಿನಲ್ಲಿ ಒಳಗೆ ಬರುತ್ತದೆ. ಇಷ್ಟು ಜನರ ನೆಲಕ್ಕೆ ಒಂದೇ ಬಾಯಿ. ಇದು ಗುಟ್ಟಲ್ಲ, ರಸ್ತೆಯಲ್ಲಿ ಹೋಗುವವರೂ ನೋಡುತ್ತಾರೆ.

ಅಮ್ಮನ ಕನ್ನಡಕ ಬದಲಾಯಿಸಿದೆಯಾ? ಅಪ್ಪ ಹೇಳುತ್ತಿದ್ದುದನ್ನು ನೀನು ಮರೆಯುವವನಲ್ಲ ಎಂಬ ಧೈರ್ಯ ನನಗಿದೆ.

ಅಕ್ಕ

ಏಪ್ರಿಲ್ ೧

ಅಕ್ಕಾ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದನ್ನು ಎಲ್ಲಿ ಕಲಿತೆ? ತರಬೇತಿಯಲ್ಲಿ ಅದೂ ಒಂದು ಪಾಠವೇನು?

ಅಪ್ಪ ಹೇಳುತ್ತಿದ್ದುದು ಒಂದೇ ಎರಡೇ! ಉಗುರು ಕಚ್ಚಬೇಡ ಅಂತಲೂ ಹೇಳುತ್ತಿದ್ದರು. ನನಗೆ ಬೇಕಾದದ್ದು ಒಂದು ಸಂಖ್ಯೆ. ಅದೂ ಬೇಡ. 'ಕೊಡು' ಅನ್ನು, ಇಲ್ಲ 'ಕೊಡಬೇಡ' ಅನ್ನು. ಒಂದೇ ಮಾತು. ನಿನ್ನ ಬಾಯಿಗೆ ಬೀಗ ಹಾಕಿದ್ದಾರೆ, ಸರಿ. ಕೈಗೂ ಹಾಕಿದ್ದಾರಾ?

ಇಲ್ಲಿ ಎಲ್ಲರೂ ನನಗೆ ಬುದ್ಧಿ ಹೇಳುವವರೇ. ನಿನ್ನೆ ಮೇನೇಜರು ಟೀ ಕುಡಿಸಿ, "ನೋಡಪ್ಪ, ನಿಮ್ಮಕ್ಕ ಅಲ್ಲೇ ಇದಾರೆ. ಏನಾದ್ರೂ ತಪ್ಪಿದ್ರೆ ಅವರೇ ತಿಳಿಸ್ತಿರಲಿಲ್ವಾ? ಅವರೇ ಸುಮ್ಮನಿದಾರೆ ಅಂದ್ಮೇಲೆ ನಿಂದೇನು?" ಅಂದರು. ಟೀ ಲೋಟ ಅಲ್ಲೇ ಇಟ್ಟು ಎದ್ದು ಬಂದೆ. ನಿನ್ನ ಮಾತು ಬಂದಾಗ ತಲೆ ತಗ್ಗಿಸಿದ್ದು ಇದೇ ಮೊದಲು.

ಅಮ್ಮನಿಗೆ ನಾನು ಇನ್ನೂ ಹೇಳಿಲ್ಲ, ಕಾರ್ಖಾನೆ ಇಲ್ಲ ಅಂತ. ಭಾನುವಾರ ನಿನ್ನ ಕೋಣೆ ಗುಡಿಸಿ, ಹಾಸಿಗೆ ಬಿಸಿಲಿಗೆ ಹಾಕಿ, "ಮಳೆಗಾಲ ಕಳೆದ ಮೇಲೆ ಬರ್ತಾಳೆ" ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ.

ಕೊಡಲೋ, ಬೇಡವೋ?

ಮೊಂಡ

ಏಪ್ರಿಲ್ ೨೪

ತಮ್ಮಾ,

ಆರೋಗ್ಯವಾಗಿದ್ದೇನೆ. ಚಳಿ ತಗ್ಗಿದೆ. ಕೆಳಗಿನ ಅಂಗಳದ ಮರದಲ್ಲಿ ಚಿಗುರು ಬಂದಿದೆ, ಹೆಸರು ಗೊತ್ತಿಲ್ಲ.

ನಿನ್ನ ಪತ್ರವನ್ನು ಅಂಟು ಟೇಪು ಹಾಕಿ ಕೊಟ್ಟರು. ಈ ಸಲ ಆಫೀಸಿಗೆ ಕರೆದು, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು. ಕ್ಷೇಮ ಎಂದೆ.

ಶೆಡ್ಡು ನಿನ್ನದು. ನಿನಗೆ ಸರಿ ಕಂಡದ್ದನ್ನು ಮಾಡು. ಅಮ್ಮನಿಗೆ ನಮಸ್ಕಾರ ತಿಳಿಸು.

ಅಕ್ಕ

ಜೂನ್ ೧

ಅಕ್ಕನವರಿಗೆ,

ನಿಮಗೆ ತೊಂದರೆಯಾಗುವಂಥದ್ದು ಏನೂ ಇನ್ನು ಬರೆಯುವುದಿಲ್ಲ. ಓದುವ ಮಹಾಶಯರೂ ನಿಶ್ಚಿಂತೆಯಿಂದಿರಲಿ.

ಮೊನ್ನೆ ರುಜು ಹಾಕಿದೆ. ಮುನ್ನೂರ ಎಂಬತ್ತು ಪೆಟ್ಟಿಗೆ, ಆರು ಲಾರಿ. ಅಪ್ಪನ ಕೈಬರಹ ಇರುವ ಮುಚ್ಚಳಗಳನ್ನಾದರೂ ಇಟ್ಟುಕೊಳ್ಳುತ್ತೇನೆ ಅಂದೆ, ಮುಚ್ಚಳ ಇಲ್ಲದೆ ಹಡಗಿಗೆ ಹಾಕುವುದಿಲ್ಲ ಅಂದರು. ಕಲ್ಲು ಮಾತ್ರ ಕೇಳಿದ್ದರು, ಹಾಗಾಗಿ ಯಾವ ಕಲ್ಲು ಎಲ್ಲಿಂದ ಬಂತೆಂದು ಅಪ್ಪ ಬರೆದಿಟ್ಟ ರಿಜಿಸ್ಟರು ಉಳಿದಿದೆ. ಕಲ್ಲಿಲ್ಲದ ರಿಜಿಸ್ಟರು ಯಾವ ಸುಖಕ್ಕೆ?

ಕೊನೆಯ ಲಾರಿ ಹೊರಡುವಾಗ ಮನೆಗೆ ಹೋಗಿ ಬಾಗಿಲಿನ ಕಲ್ಲನ್ನೂ ತಂದು ಪೆಟ್ಟಿಗೆಗೆ ಹಾಕಿದೆ. ಎಲ್ಲ ಅಂದ ಮೇಲೆ ಎಲ್ಲ. ಅಪ್ಪ ನನಗೆ ಕೊಟ್ಟ ಅರ್ಧ, ನನ್ನಿಷ್ಟ.

ಅಮ್ಮನಿಗೂ ಹೇಳಿಬಿಟ್ಟೆ. ಹಾಸಿಗೆ ಒಳಗೆ ತಂದು ಮಡಿಸಿಟ್ಟಳು.

ಇಂತಿ,
ಶೆಡ್ಡಿನ ಕಾವಲುಗಾರ

ಆಗಸ್ಟ್ ೨೦

ನನ್ನ ಮೊಂಡ ತಮ್ಮನಿಗೆ,

ಈ ಪತ್ರವನ್ನು ಕಂಪನಿಯ ಪೆಟ್ಟಿಗೆಗೆ ಹಾಕುತ್ತಿಲ್ಲ. ರಜೆಯ ದಿನ ಎರಡು ಬಸ್ಸು ಬದಲಿಸಿ ದೂರದ ಪೇಟೆಯ ಅಂಚೆ ಕಚೇರಿಗೆ ಬಂದಿದ್ದೇನೆ. ಇಲ್ಲಿಯ ಉದ್ದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಒಬ್ಬ ಮುದುಕ ಲಕೋಟೆಗೆ ಅಂಟು ಹಚ್ಚುತ್ತಾ ನನ್ನ ಲಿಪಿಯನ್ನೇ ನೋಡುತ್ತಿದ್ದಾನೆ. ನೋಡಲಿ. ಮೂರು ವರ್ಷದಲ್ಲಿ ಮೊದಲ ಸಲ ಓದುವವರ ಹೆದರಿಕೆ ಇಲ್ಲದೆ ಬರೆಯುತ್ತಿದ್ದೇನೆ.

ನಿನ್ನ ಪೆಟ್ಟಿಗೆಗಳು ಬಂದವು. ಎಲ್ಲಿಗೆ ಬಂದವು ಗೊತ್ತೇನೋ? ನನ್ನ ಲ್ಯಾಬಿಗೇ. ಅಧ್ಯಯನವೂ ಇಲ್ಲ, ಮಣ್ಣೂ ಇಲ್ಲ. ಎಲ್ಲವನ್ನೂ ಪುಡಿ ಮಾಡಿ ಬೇರೆ ಅದಿರಿನ ಜೊತೆ ಬೆರೆಸಬೇಕೆಂದು ಆದೇಶ. ಅಪ್ಪನ ಮುಚ್ಚಳಗಳನ್ನು ಒಂದೊಂದಾಗಿ ತೆಗೆದೆ. ಸೀಳುವ ಮೊದಲು ಕಲ್ಲಿನ ಸುತ್ತ ಓರೆಯಾಗಿ ಒಂದು ಕೆಂಪು ಗೆರೆ ಎಳೆಯುತ್ತಿದ್ದರಲ್ಲ, ಎರಡು ಅರ್ಧ ಎಲ್ಲಿ ಸೇರಿದರೂ ಗುರುತು ಸಿಗಲಿ ಎಂದು. ಆ ಗೆರೆಗಳು ಹಾಗೇ ಇವೆ. ಒಂದರ ಬಣ್ಣವೂ ಮಾಸಿಲ್ಲ.

ಕೊನೆಯ ಪೆಟ್ಟಿಗೆಯಲ್ಲಿ ಮೂಲೆ ಹಸಿರಾದ ಒಂದು ಕಲ್ಲಿತ್ತು.

ಜೇಬಿನಲ್ಲಿಟ್ಟುಕೊಂಡು ಕೋಣೆಗೆ ತಂದೆ. ಕಿಟಕಿಯ ಕಲ್ಲಿಗೆ ಜೋಡಿಸಿದೆ. ಗೆರೆಗೆ ಗೆರೆ ಕೂಡಿತು. ಅಪ್ಪ ನಮ್ಮಿಬ್ಬರನ್ನು ಕೂರಿಸಿಕೊಂಡು ಹೇಳಿದ್ದು ನೆನಪಿದೆಯೇ? "ಅರ್ಧ ಅವಳಿಗೆ, ಅರ್ಧ ನಿನಗೆ. ಎರಡನ್ನೂ ಒಂದೇ ಮನೇಲಿ ಮಾತ್ರ ಇಡಬೇಡ್ರೋ. ಒಂದು ಕಳೆದ್ರೆ ಇನ್ನೊಂದಿರಬೇಕು." ನಾನು ಹೇಳಿದ್ದ 'ಅಪ್ಪನ ಮಾತು' ಅದು. ನೀನು ಉಗುರು ಕಚ್ಚುವ ಮಾತು ತೆಗೆದೆ. ನಿನ್ನ ಮೇಲೆ ಸಿಟ್ಟಿಲ್ಲ. ಬಿಡಿಸಿ ಹೇಳದೆ ಇದ್ದದ್ದು ನನ್ನ ತಪ್ಪು.

ಯಾಕೆ ಸುಮ್ಮನಿದ್ದೆ ಹೇಳುತ್ತೇನೆ, ಕೇಳು. ಹೆದರಿಕೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೆದರಿಕೆಗಿಂತ ದೊಡ್ಡದು ಇನ್ನೊಂದಿತ್ತು. ನೀನು ಜಗಮೊಂಡ. ಅಪ್ಪನ ಕಲ್ಲನ್ನು ಯಾರು ಕೇಳಿದರೂ ಕೊಡುವವನಲ್ಲ ಎಂದು ನಂಬಿದ್ದೆ. ಆ ಅರ್ಧಗಳು ಶೆಡ್ಡಿನಲ್ಲಿ ಇರುವವರೆಗೆ ಸತ್ಯ ಎಲ್ಲಿಗೂ ಹೋಗುವುದಿಲ್ಲ, ಯಾವತ್ತೋ ಒಂದು ದಿನ ಯಾರಾದರೂ ತೆಗೆದು ನೋಡಿಯೇ ನೋಡುತ್ತಾರೆ, ನಾನು ಬಾಯಿ ಬಿಡಬೇಕಾಗಿಲ್ಲ ಎಂದುಕೊಂಡೆ. ನೀನು ಕಲ್ಲು ಕಾಯುತ್ತೀಯ ಎಂದು ನಾನು ಸುಮ್ಮನಿದ್ದೆ. ನಾನು ಸುಮ್ಮನಿದ್ದೇನೆ ಎಂದು ನೀನು ಕಲ್ಲು ಕೊಟ್ಟೆ. ಎಂಥ ಅಕ್ಕ ತಮ್ಮ ನಾವು!

ಈಗ ಹೇಳುತ್ತೇನೆ. ಹಸಿರು ಮೂಲೆಯ ಕಲ್ಲನ್ನು ನನ್ನ ಕೈಯಾರೆ ಪುಡಿ ಮಾಡಿ ಪರೀಕ್ಷೆ ಮಾಡಿದೆ. ನೂರು ಕೆ.ಜಿ.ಗೆ ಆರು ಕೆ.ಜಿ.ಗಿಂತ ಮೇಲೆ. ಉಳಿದ ಪೆಟ್ಟಿಗೆಗಳಲ್ಲೂ ಐದಕ್ಕೆ ಕಡಿಮೆ ಇಲ್ಲ. ಮೂರು ವರ್ಷದಿಂದ ನಾನು ಬರೆದು ರುಜು ಹಾಕಿದ್ದೂ ಇದೇ. ಮೇಲಿನ ಮಹಡಿಗೆ ಹೋದ ಮೇಲೆ ಆರು ಹೇಗೆ ಒಂದಕ್ಕಿಂತ ಕಡಿಮೆಯಾಯಿತೋ ನನಗೆ ತಿಳಿದದ್ದು ನಿನ್ನ ಪತ್ರದಿಂದಲೇ. ಬಡಕಲು ಅದಿರು ಅಂದರೆ ಕಾರ್ಖಾನೆ ಕಟ್ಟುವ ಮಾತಿಲ್ಲ. ಕಾರ್ಖಾನೆ ಇಲ್ಲದಿದ್ದರೆ ನಮ್ಮ ನೆಲ ನಲವತ್ತು ವರ್ಷ ಅವರ ಗೇಟಿಗೇ ಬರಬೇಕು. ನಮ್ಮೆಲ್ಲರ ಕಿವಿಗೆ ಹೂ ಇಟ್ಟರು ಕಣೋ.

ಈ ಪೊಟ್ಟಣದಲ್ಲಿ ನನ್ನ ಅರ್ಧ ಇದೆ. ಇದು ಒಂದು ದಿನವೂ ಕಂಪನಿಯ ಕೈಗೆ ಹೋಗಿಲ್ಲ. ಅಪ್ಪ ಒಂದು ಚೂರು ಕಲ್ಲನ್ನೂ ಬರೆಯದೆ ಮನೆಗೆ ತಂದವರಲ್ಲ. ರಿಜಿಸ್ಟರಿನಲ್ಲಿ ಇಪ್ಪತ್ತೊಂದನೇ ಬೋರಿನ ಪುಟ ತೆಗೆ, ನೂರ ನಾಲ್ಕನೇ ಅಡಿ. "ಒಂದು ತುಂಡು ಮಕ್ಕಳಿಗೆಂದು ಮನೆಗೆ ಒಯ್ದಿದ್ದೇನೆ" ಎಂದು ಬರೆದು ಆಗಿನ ದೊಡ್ಡ ಸಾಹೇಬರ ರುಜು ಹಾಕಿಸಿಕೊಂಡಿದ್ದಾರೆ. ನಾವು ನಕ್ಕಿದ್ದೆವು, ಮುಷ್ಟಿಯಷ್ಟು ಕಲ್ಲಿಗೆ ಇಷ್ಟು ಸಡಗರವೇ ಎಂದು. ಕಲ್ಲನ್ನೂ ಪುಟವನ್ನೂ ತೆಗೆದುಕೊಂಡು ಹೋಗು. ಕಂಪನಿಯ ಕೈ ತಲುಪದ ಯಾವುದಾದರೂ ಕಾಲೇಜಿನ ಲ್ಯಾಬಿಗೆ ಕೊಡು. ನವೆಂಬರಿನ ಮೊದಲು ಹೋಗು.

ಯಾರು ಹೇಳಿದರು ಎಂದು ಕೇಳಿಯೇ ಕೇಳುತ್ತಾರೆ. ನನ್ನ ಹೆಸರು ಹೇಳು. ಹೆಸರಿಲ್ಲದ ಮಾತಿಗೆ ಬೆಲೆ ಇಲ್ಲ. ನನ್ನ ಪಾಸ್‌ಪೋರ್ಟು ಅವರ ಕಪಾಟಿನಲ್ಲಿದೆ, ಏನು ಮಾಡುತ್ತಾರೋ ಗೊತ್ತಿಲ್ಲ. ನೀನು ಹಿಂದೆ ಮುಂದೆ ನೋಡಬೇಡ. ಇದು ಅಡ್ಡಗೋಡೆಯ ಮೇಲಿನ ದೀಪವಲ್ಲ, ನೇರವಾಗಿ ಹೇಳುತ್ತಿದ್ದೇನೆ: ಹೇಳು.

ಕಿಟಕಿಯ ಅಂಚು ಖಾಲಿಯಾಗಿದೆ. ಬೆಳಿಗ್ಗೆ ಎದ್ದಾಗ ಆ ಜಾಗದಲ್ಲಿ ಧೂಳು ಕೂರದ ಒಂದು ಅಚ್ಚು ಕಂಡಿತು. ಅಳು ಬಂತು. ಊರಿಗೆ ಬರಬೇಕು ಅನ್ನಿಸುತ್ತಿದೆ ಕಣೋ, ತುಂಬಾ ಅನ್ನಿಸುತ್ತಿದೆ. ಹದಿಮೂರನೇ ನಂಬರಿನವಳಿಗೆ ಇವತ್ತು ಹೊರಡುವಾಗ ನಮ್ಮ ಭಾಷೆಯಲ್ಲೇ "ಹೋಗಿ ಬರ್ತೀನಿ" ಅಂದೆ. ಅವಳು ತಲೆಯಾಡಿಸಿದಳು.

ಅಮ್ಮನ ಕೈ ಹಿಡಿದುಕೊಂಡು ಇದನ್ನು ಓದಿ ಹೇಳು.

ನಿನ್ನ,
ಅಕ್ಕ

ನವೆಂಬರ್ ೧೭

ಅಕ್ಕಾ,

ಇದು ನಾಲ್ಕನೆಯ ಪತ್ರ. ಮೊದಲಿನ ಮೂರೂ ವಾಪಸು ಬಂದವು, ಒಡೆಯದೆ. ಲಕೋಟೆಯ ಮೇಲೆ ಅವರ ಭಾಷೆಯಲ್ಲಿ ಒಂದು ಮೊಹರು. ದುಭಾಷಿಯ ಹತ್ತಿರ ಓದಿಸಿದೆ. "ಈ ಹೆಸರಿನವರು ಇಲ್ಲಿಲ್ಲ ಅಂತಿದೆ" ಅಂದ. ಆಮೇಲೆ ನನ್ನ ಮುಖ ನೋಡದೆ, "ನಾನೇನೂ ಹೇಳಿಲ್ಲಪ್ಪ, ಮೊಹರಲ್ಲಿರೋದು ಹೇಳಿದೆ" ಅಂದ.

ಆದರೂ ಬರೆಯುತ್ತೇನೆ. ನಿನಗೆ ಗೊತ್ತಾಗಬೇಕಾದದ್ದು ಇದೆ.

ಕಾಲೇಜಿನ ಲ್ಯಾಬಿನವರು ನಿನ್ನ ಕಲ್ಲಿನಿಂದ ಬೆರಳಿನಷ್ಟು ಕೊಯ್ದುಕೊಂಡರು. ನೀನು ಬರೆದದ್ದಕ್ಕೂ ಅವರು ಹೇಳಿದ್ದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಲಾಖೆಯ ಸಭೆಯಲ್ಲಿ ಕಲ್ಲಿಟ್ಟೆ, ಲ್ಯಾಬಿನ ಕಾಗದ ಇಟ್ಟೆ, ಅಪ್ಪನ ಪುಟ ತೆರೆದಿಟ್ಟೆ. "ಒಂದು ತುಂಡು ಕಲ್ಲಿಂದ ಏನ್ರೀ ಆಗುತ್ತೆ?" ಅಂದರು ಮೇಲಧಿಕಾರಿ. "ಇನ್ನುಳಿದ ಮುನ್ನೂರ ಎಂಬತ್ತು ಪೆಟ್ಟಿಗೇಲೂ ಇಷ್ಟೇ ಇತ್ತು ಸಾರ್. ನಾನೇ ರುಜು ಹಾಕಿ ಕಳಿಸಿದ ಪೆದ್ದ" ಅಂದೆ. "ಯಾರು ಹೇಳಿದ್ದು?" ಅಂದರು. ಕಂಪನಿಯ ಸಾಹೇಬರು ಎದುರಿಗೇ ಕೂತಿದ್ದರು. ದುಭಾಷಿ ಪೆನ್ನು ಹಿಡಿದು ಕಾಯುತ್ತಿದ್ದ.

ಹೇಳಿದೆ ಅಕ್ಕ. ನಿನ್ನ ಹೆಸರು, ಅಪ್ಪನ ಹೆಸರು, ಹದಿನಾಲ್ಕನೇ ನಂಬರು, ಎಲ್ಲ ಹೇಳಿದೆ. ಹೇಳು ಅಂದಿದ್ದೆ ನೀನು.

ರುಜು ಆಗಲಿಲ್ಲ. ನಮ್ಮವರ ಎದುರಿಗೇ ಹೊಸದಾಗಿ ನೆಲ ಕೊರೆಯಬೇಕು, ನಮ್ಮ ಲ್ಯಾಬಿನ ಬೀಗ ತೆಗೆಯಬೇಕು, ಕಾರ್ಖಾನೆಯ ಮಾತು ಆಮೇಲೆ ಎಂದು ತೀರ್ಮಾನವಾಗಿದೆ. ನಿನ್ನನ್ನು ಕರೆಸುವ ಬಗ್ಗೆ ಮೇಲಕ್ಕೆ ಬರೆದಿದ್ದೇವೆ ಅನ್ನುತ್ತಾರೆ. ನಾನು ದಿನಾ ಹೋಗಿ ಕೇಳುತ್ತೇನೆ. ನನ್ನನ್ನು ಕಂಡರೆ ಗುಮಾಸ್ತರು ಫೈಲಿನಲ್ಲಿ ಮುಖ ಹುದುಗಿಸುತ್ತಾರೆ. ನಾನೂ ಬಿಡುವವನಲ್ಲ. ನಿನ್ನ ಹೆಸರು ಹೇಳಿದವನು ನಾನು, ನಿನ್ನನ್ನು ಕರೆಸುವವರೆಗೂ ನಾನೇ ಹೋಗಬೇಕು.

ಶೆಡ್ಡಿನಲ್ಲಿ ಈಗ ಇರುವುದು ನಿನ್ನ ಕಲ್ಲೊಂದೇ. ಮುನ್ನೂರ ಎಂಬತ್ತು ಪೆಟ್ಟಿಗೆಯ ಜಾಗದಲ್ಲಿ ಒಂದು ಪೆಟ್ಟಿಗೆ. ಬೆಳಿಗ್ಗೆ ಬೀಗ ತೆಗೆಯುತ್ತೇನೆ, ನೋಡುತ್ತೇನೆ, ಬೀಗ ಹಾಕುತ್ತೇನೆ. ಮೊನ್ನೆ ಯಾರೂ ಇಲ್ಲದಾಗ ಅದಕ್ಕೆ "ಏನಯ್ಯಾ" ಅಂದೆ. ಅಮ್ಮನಿಗೆ ಹೇಳಲಿಲ್ಲ.

ಕಲ್ಲು ಹೋದ ಮೇಲೆ ನಿನ್ನ ಕೋಣೆಯ ಬಾಗಿಲು ಬಡಿದುಕೊಳ್ಳುತ್ತಲೇ ಇದೆ. ಒಂದು ಇಟ್ಟಿಗೆ ತಂದು ಒತ್ತಿಡಲು ಹೋದೆ. ಅಮ್ಮ ಬೇಡ ಅಂದಳು. "ಬಡ್ಕೊಳ್ಳಲಿ ಬಿಡೋ. ಅವಳು ಒಳಗೆ ಬಂದ ಹಾಗೆ ಆಗುತ್ತೆ."

ಪ್ರತಿ ಸಲ ಬಡಿದಾಗಲೂ ಅವಳು ಎದ್ದು ಹೋಗಿ ನೋಡುತ್ತಾಳೆ. ನಾನೂ ನೋಡುತ್ತೇನೆ.

ಮೊಂಡ